ಖಾರಾ ಪಾನಿಯ ಮೇಲೆ ಗೂಬೆ ಕೂರಿಸಬೇಡಿ

"ಖಾರಾ ಪಾನಿ ಹೈ ಸಾಬ್, ಕ್ಯಾ ಕರೇಂ?"

ಮುಂಬಯಿಯಲ್ಲಿ ಬೋಟಿನ ಸಹವಾಸ ಇರುವ ಯಾರನ್ನೇ ಕೇಳಿ ನೋಡಿ, ಈ ಮಾತು ಬಂದೇ ಬರುತ್ತದೆ. ಎಂಜಿನ್ ನಡುನೀರಿನಲ್ಲಿ ಕೈಕೊಟ್ಟಿತಾ? ಖಾರಾ ಪಾನಿ. ಸ್ಟಿಯರಿಂಗ್ ತಿರುಗುತ್ತಿಲ್ಲವಾ? ಖಾರಾ ಪಾನಿ. ಲಕ್ಷಗಟ್ಟಲೆ ಸುರಿದು ತಂದ ಸ್ಪೀಡ್ ಬೋಟು ಮೂರನೇ ವರ್ಷಕ್ಕೆ ಗುಜರಿಗೆ ಹೋಯಿತಾ? ಅದಕ್ಕೂ ಖಾರಾ ಪಾನಿಯೇ ಕಾರಣ. ಸಮುದ್ರಕ್ಕೆ ಬಾಯಿಲ್ಲ, ವಕೀಲರನ್ನಿಟ್ಟುಕೊಳ್ಳುವ ತಾಕತ್ತೂ ಇಲ್ಲ. ಹಾಗಾಗಿ ಎಲ್ಲರೂ ಉಪ್ಪುನೀರಿನ ಮೇಲೆ ಗೂಬೆ ಕೂರಿಸಿ ಆರಾಮಾಗಿದ್ದಾರೆ. ಇವತ್ತು ನಾನು ಸಮುದ್ರದ ಪರವಾಗಿ ವಕಾಲತ್ತು ಹಾಕುತ್ತಿದ್ದೇನೆ, ಫೀಸಿಲ್ಲದೆ.

ಇದನ್ನೆಲ್ಲ ಹೇಳೋಕೆ ನೀನ್ಯಾರಯ್ಯಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಬೋಟಿಲ್ಲ, ಇಟ್ಟುಕೊಳ್ಳುವಷ್ಟು ಶ್ರೀಮಂತಿಕೆಯೂ ಇಲ್ಲ. ಗಂಗೊಳ್ಳಿ ಕಡೆಯಿಂದ ಬಂದು ಈ ಊರಲ್ಲಿ ನೆಲೆನಿಂತು ಮೂವತ್ತೈದು ವರ್ಷ ದಾಟಿತು. ಅದರಲ್ಲಿ ಹೆಚ್ಚಿನ ಪಾಲು ದಾರುಖಾನಾ ಹತ್ತಿರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವುದರಲ್ಲೇ ಕಳೆಯಿತು. ಬೋಟಿನ ಬಿಡಿಭಾಗಗಳ ಅಂಗಡಿ. ಹಗ್ಗ, ಸರಪಳಿ, ಪಂಪು, ಪ್ರೊಪೆಲ್ಲರು, ಬಣ್ಣ, ಬೋಲ್ಟು ಎಲ್ಲವೂ. ಊರಿನ ರೋಗ ಡಾಕ್ಟರಿಗಿಂತ ಔಷಧಿ ಅಂಗಡಿಯವನಿಗೆ ಚೆನ್ನಾಗಿ ಗೊತ್ತಿರುತ್ತದಲ್ಲ, ಹಾಗೆ ನನಗೂ ಅಷ್ಟಿಷ್ಟು ಗೊತ್ತಾಯಿತು. ಯಾರು ಏನು ಕೊಂಡರು ಎನ್ನುವುದಕ್ಕಿಂತ ಯಾರು ಏನನ್ನು ಕೊಳ್ಳಲೇ ಇಲ್ಲ ಎನ್ನುವುದು ಬಿಲ್ ಪುಸ್ತಕದಲ್ಲಿ ಎದ್ದು ಕಾಣುತ್ತದೆ ನೋಡಿ.

ಹೊಳೆಯುವ ಕ್ರೋಮ್ ಹಿಡಿಕೆ, ರಾತ್ರಿ ಪಾರ್ಟಿಗೆ ನೀಲಿ ದೀಪದ ಪಟ್ಟಿ, ನೀರು ತಾಗಿದರೂ ಹಾಡುವ ಸ್ಪೀಕರು... ಇದಕ್ಕೆಲ್ಲ ಚೌಕಾಸಿಯೇ ಇಲ್ಲ. ಅದೇ ಝಿಂಕ್ ಬದಲಾಯಿಸಬೇಕು ಶೇಠ್ ಅಂದರೆ ಮುಖ ಹುಳ್ಳಗೆ. "ಹೋದ ವರ್ಷ ಹಾಕಿದ್ದೆವಲ್ಲ ಅಣ್ಣಾ?" (ಮುಂಬಯಿಯಲ್ಲಿ ದಕ್ಷಿಣದವರೆಲ್ಲ ಅಣ್ಣಾ. ಹೋಟೆಲಿನವನೂ ಅಣ್ಣಾ, ಲೆಕ್ಕದವನೂ ಅಣ್ಣಾ. ಇರಲಿ.)

ಈ ಝಿಂಕ್ ಅಂದರೆ ಏನು? ಒಂದು ಸತುವಿನ ತುಂಡು, ಅಷ್ಟೇ. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಲೊಂದು ಬ್ಯಾಟರಿ ತಯಾರಾದ ಹಾಗೆ. ಸಣ್ಣಗೆ ಕರೆಂಟು ಹರಿಯುತ್ತದೆ, ಎರಡರಲ್ಲಿ ಮೆದು ಸ್ವಭಾವದ್ದು ಕರಗುತ್ತಾ ಹೋಗುತ್ತದೆ. ಹೈಸ್ಕೂಲಿನಲ್ಲಿ ಓದಿದ್ದೇ. ಬೋಟಿನ ಹಿಂದೆ ನೇತಾಡುವ ಔಟ್‌ಬೋರ್ಡ್ ಎಂಜಿನ್ನಿನ ಮೈ ಅಲ್ಯೂಮಿನಿಯಂ, ಪ್ರೊಪೆಲ್ಲರ್ ಶಾಫ್ಟು ಸ್ಟೀಲು. ಕರಗುವ ಸರದಿ ಅಲ್ಯೂಮಿನಿಯಂನದು. ಅದನ್ನು ಉಳಿಸಲಿಕ್ಕಾಗಿ, ಅದಕ್ಕಿಂತ ಬೇಗ ಕರಗುವ ಸತುವಿನ ತುಂಡೊಂದನ್ನು ಪಕ್ಕದಲ್ಲಿ ಬಿಗಿದಿರುತ್ತಾರೆ. ಅರ್ಧ ಸವೆದಾಗ ಬಿಚ್ಚಿ ಹೊಸದು ಹಾಕಬೇಕು. ಎಂಜಿನ್ನಿನ ಬೆಲೆಯ ಮುಂದೆ ಅದರ ಬೆಲೆ ಕಡಲೆಕಾಯಿ ಪೊಟ್ಟಣದಷ್ಟು. ಅದನ್ನು ಉಳಿಸುತ್ತಾರೆ ನಮ್ಮ ಶೇಠ್‌ಗಳು! ಇನ್ನು ಕೆಲವರು ಹಾಕಿಸುತ್ತಾರೆ, ಆಮೇಲೆ ಅದು ಬೂದು ಬಣ್ಣಕ್ಕೆ ಅಸಹ್ಯವಾಗಿ ಕಾಣುತ್ತದೆಂದು ಬೋಟಿನ ಜೊತೆ ಅದಕ್ಕೂ ಬಿಳಿ ಬಣ್ಣ ಹೊಡೆಸುತ್ತಾರೆ. ಬಣ್ಣ ಹೊಡೆದ ಝಿಂಕಿಗೆ ನೀರೇ ತಾಗುವುದಿಲ್ಲ. ನೀರು ತಾಗದಿದ್ದರೆ ಅದು ಕರಗುವುದಿಲ್ಲ, ಕರಗದಿದ್ದರೆ ಎಂಜಿನ್ ಕರಗುತ್ತದೆ. ವರ್ಷದ ನಂತರ ಬಂದು "ನೋಡು ಅಣ್ಣಾ, ಝಿಂಕ್ ಹೊಸದರ ಹಾಗೇ ಇದೆ, ಎಂಜಿನ್ ಮಾತ್ರ ಹೋಯಿತು, ಖಾರಾ ಪಾನಿ" ಅಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏನು ಹೇಳುತ್ತೀರಿ ಇದಕ್ಕೆ?

ಇನ್ನು ತೊಳೆಯುವ ವಿಚಾರ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಈ ಎಂಜಿನ್ ತನ್ನ ಬಿಸಿ ಇಳಿಸಿಕೊಳ್ಳುವುದು ಅದೇ ನೀರನ್ನು ಒಳಗೆಳೆದು. ಸಂಜೆ ಎಂಜಿನ್ ನಿಲ್ಲಿಸಿದಿರಿ ಅನ್ನಿ. ಒಳಗಿನ ಸಣ್ಣ ಸಣ್ಣ ದಾರಿಗಳಲ್ಲಿ ಉಳಿದ ನೀರು ಆ ಕಾವಿಗೆ ಆರುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಇವತ್ತು ಒಂದು ಪದರ, ಮುಂದಿನ ಭಾನುವಾರ ಇನ್ನೊಂದು. ಕೊನೆಗೊಂದು ದಿನ ನೀರು ಹರಿಯಲು ಜಾಗವೇ ಇಲ್ಲದೆ ಎಂಜಿನ್ ಕಾದು ನಿಲ್ಲುತ್ತದೆ. ಅದೂ ಎಲ್ಲಿ? ಜೆಟ್ಟಿಯಲ್ಲಲ್ಲ, ಹಡಗು ಓಡಾಡುವ ದಾರಿಯ ನಡುವೆ! ಇದಕ್ಕೆ ಮದ್ದು ಹತ್ತು ಹದಿನೈದು ನಿಮಿಷ ಸಿಹಿನೀರು ಹಾಯಿಸಿ ಎಂಜಿನ್ ಓಡಿಸುವುದು. ಮೇಲೆ ಕೇಬಲ್ಲು, ಕೀಲು, ಬ್ಯಾಟರಿಯ ತುದಿ, ಲೈಫ್ ಜಾಕೆಟ್ಟಿನ ಬಕಲ್ಲು ಎಲ್ಲಕ್ಕೂ ಸಿಹಿನೀರಿನ ಸ್ನಾನ. ಉಪ್ಪಿನಕಾಯಿ ಭರಣಿಯೊಳಗೆ ಕಬ್ಬಿಣದ ಸೌಟು ಬಿಟ್ಟರೆ ನಮ್ಮಮ್ಮ ಬೆನ್ನಿಗೆ ಗುದ್ದುತ್ತಿದ್ದಳು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಲ್ಲಿ ಡಿಗ್ರಿ ಮೇಲೆ ಡಿಗ್ರಿ ಮಾಡಿದವರು ಉಪ್ಪಿನಲ್ಲಿ ಅದ್ದಿ ತೆಗೆದ ಎಂಜಿನ್ನನ್ನು ಹಾಗೇ ಒಣಗಲು ಬಿಟ್ಟು ಊಟಕ್ಕೆ ಹೋಗುತ್ತಾರೆ.

ಉಪ್ಪೇ ಅಪರಾಧಿಯಾಗಿದ್ದರೆ ಈ ಬಂದರಿನಲ್ಲಿ ಹಳೆಯ ದೋಣಿ ಒಂದೂ ಇರಬಾರದಿತ್ತು. ರಾಯಲ್ ಬಾಂಬೆ ಯಾಟ್ ಕ್ಲಬ್ ಶುರುವಾದದ್ದು 1846ರಲ್ಲಿ. ಸೀಬರ್ಡ್ ಎಂಬ ಜಾತಿಯ ಮರದ ಹಾಯಿದೋಣಿಗಳು ಗೇಟ್‌ವೇ ಮುಂದಿನ ಇದೇ ನೀರಿನಲ್ಲಿ ದಶಕಗಟ್ಟಲೆ ಪಂದ್ಯ ಓಡಿವೆ. ಮರ, ಸ್ವಾಮೀ, ಬರೀ ಮರ! ಫೈಬರ್ ಬೋಟು ಐದು ವರ್ಷಕ್ಕೆ ಸೋತಿತು ಅನ್ನುವವರು ಇದಕ್ಕೇನಂತಾರೆ? ಆ ದೋಣಿಗಳನ್ನು ಮಳೆಗಾಲಕ್ಕೆ ಮೇಲೆಳೆದು, ಕೆರೆದು, ಸಂದು ತುಂಬಿ, ಬಣ್ಣ ಕೊಟ್ಟು ಮತ್ತೆ ನೀರಿಗಿಳಿಸಿದ ಕೈಗಳಿದ್ದವು.

ನಮ್ಮೂರಿನದ್ದೇ ನೋಡಿ. ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಹೊಳೆ ಸಮುದ್ರ ಸೇರುವ ಜಾಗ, ನೀರು ಅತ್ತ ಸಿಹಿಯೂ ಅಲ್ಲ ಇತ್ತ ಪೂರ್ತಿ ಉಪ್ಪೂ ಅಲ್ಲ. ಅಜ್ಜಯ್ಯನ ಕಾಲದಲ್ಲಿ ಮಳೆ ಹಿಡಿಯುವ ಮೊದಲು ದೋಣಿ ಮೇಲೆಳೆದು ಕವುಚಿ ಹಾಕುತ್ತಿದ್ದರು. ಅಡಿಗೆ ಅಂಟಿದ ಚಿಪ್ಪನ್ನೆಲ್ಲ ಕೆರೆದು, ಬಿಸಿಲಿಗೆ ಒಣಗಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಬಳಿಯುತ್ತಿದ್ದರು. ಕೈ ಸುಟ್ಟು ಕಪ್ಪಾಗುವ ಎಣ್ಣೆ ಅದು. ಮರ ಕೊರೆಯುವ ಹುಳ ಅಳಿವೆಯ ನೀರಿನಲ್ಲಿ ಎಷ್ಟು ಬೇಗ ದೋಣಿಯನ್ನು ಜರಡಿ ಮಾಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. "ಹ್ವಾಯ್, ದೋಣಿ ತೊಳ್ದ್ರ್ಯಾ?" ಎಂದು ದಾರಿಯಲ್ಲಿ ಹೋಗುವವರೂ ಕೇಳುತ್ತಿದ್ದರು. ಉಪ್ಪುನೀರು ಹಾಳು ಮಾಡಿತು ಅಂತ ಅಲ್ಲಿ ಯಾರಾದರೂ ಗೊಣಗಿದ್ದರೆ ಊರೇ ನಗುತ್ತಿತ್ತು.

ಅರೆ ಉಪ್ಪುನೀರಿನ ಮಾತು ಬಂತಲ್ಲ, ಅಲ್ಲೊಂದು ದೊಡ್ಡ ಭ್ರಮೆ ಇದೆ. ಮಾರ್ವೆ, ಮನೋರಿ, ಗೊರಾಯಿ ಕಡೆ ಖಾಡಿಯಲ್ಲಿ ಬೋಟು ಕಟ್ಟುವವರು "ನಮ್ಮದು ಪೂರ್ತಿ ಸಮುದ್ರ ಅಲ್ಲ, ಅರ್ಧ ಉಪ್ಪು, ಹಾಗಾಗಿ ಅರ್ಧ ಆರೈಕೆ ಸಾಕು" ಎಂಬ ಲೆಕ್ಕದಲ್ಲಿರುತ್ತಾರೆ. ನಿಜ ಸಂಗತಿ ಉಲ್ಟಾ. ಉಪ್ಪಿನ ಜೊತೆಗೆ ಖಾಡಿಯಲ್ಲಿ ಕೆಸರಿದೆ. ಅದು ನೀರೆಳೆಯುವ ಪಂಪಿನ ರಬ್ಬರ್ ರೆಕ್ಕೆಗಳನ್ನು ಅರೆದು ಹಾಕುತ್ತದೆ. ಚರಂಡಿ ನೀರಿದೆ. ಕೊಳೆತ ಕೆಸರಿನಿಂದ ಬರುವ ಆ ಕೊಳೆತ ಮೊಟ್ಟೆಯ ವಾಸನೆ ಗೊತ್ತಲ್ಲ, ಮಾಹಿಮ್ ಖಾಡಿ ದಾಟುವಾಗ ಲೋಕಲ್ಲಿನಲ್ಲಿ ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದೇ ಅನಿಲ ಹಿತ್ತಾಳೆ ತಾಮ್ರದ ಭಾಗಗಳನ್ನು ಕಪ್ಪುಗಟ್ಟಿಸಿ ತಿನ್ನುತ್ತದೆ. ಪ್ಲಾಸ್ಟಿಕ್ ಚೀಲ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವುದು, ನೀರೆಳೆಯುವ ಬಾಯಿಗೆ ಅಂಟಿ ಎಂಜಿನ್ ಉಸಿರುಗಟ್ಟಿಸುವುದು ದಿನನಿತ್ಯದ ಕಥೆ. ಸತುವಿನ ತುಂಡು ಕೂಡ ಪೂರ್ತಿ ಉಪ್ಪಿನಲ್ಲಿ ಕೆಲಸ ಮಾಡಿದ ಹಾಗೆ ಇಲ್ಲಿ ಮಾಡುವುದಿಲ್ಲ, ಮೇಲೆ ಪೊರೆ ಕಟ್ಟಿ ಸುಮ್ಮನಾಗುತ್ತದೆ. ಖಾಡಿಯ ಬೋಟಿಗೆ ಅಲ್ಯೂಮಿನಿಯಂ ಮಿಶ್ರಲೋಹದ ತುಂಡೇ ವಾಸಿ. ಠಾಣೆ ಖಾಡಿಯಲ್ಲಿ ಫ್ಲೆಮಿಂಗೋ ನೋಡಲು ಐರೋಲಿಯಿಂದ ಬೋಟು ಹೋಗುತ್ತದಲ್ಲ, ಅಂಥ ನೀರು ಇದು. ಹಕ್ಕಿಗಳ ಫೋಟೋ ತೆಗೆಯುವ ಮೊದಲು ಒಮ್ಮೆ ಆ ನೀರಿನ ಬಣ್ಣ ನೋಡಿ. ಅದರಲ್ಲಿ ದಿನಾ ನಿಲ್ಲುವ ಯಂತ್ರಕ್ಕೆ ಅರ್ಧ ಆರೈಕೆ ಸಾಕಾ?

ಇತ್ತೀಚೆಗೆ ಇನ್ನೊಂದು ಸೇರಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ದಿನಾ ಓಡುವ ಸ್ಕೂಟರಿನಲ್ಲಿ ತೈಲ ನಿಲ್ಲುವುದೇ ಇಲ್ಲ, ಚಿಂತೆಯಿಲ್ಲ. ತಿಂಗಳಿಗೊಮ್ಮೆ ಓಡುವ ಬೋಟಿನ ಟ್ಯಾಂಕಿನಲ್ಲಿ, ಮುಂಬಯಿಯ ತೇವದ ಗಾಳಿಯಲ್ಲಿ, ನೀರು ಹೆಚ್ಚಾಗಿ ಕೆಳಗೆ ಬೇರೆಯೇ ಕೂತುಬಿಡುತ್ತದೆ. ಎಂಜಿನ್ ಮೊದಲು ಕುಡಿಯುವುದು ಅದನ್ನೇ. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ ಅಂದರೆ ಮತ್ತೆ ಅದೇ ಹುಳ್ಳಗಿನ ಮುಖ.

ಮಾಲೀಕರ ಕಡೆಯಿಂದ ಒಂದು ನ್ಯಾಯವಾದ ತಕರಾರಿದೆ, ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. "ತೊಳೆಯಿರಿ ಅಂತೀಯಲ್ಲ ಅಣ್ಣಾ, ಎಲ್ಲಿ ತೊಳೆಯೋದು?" ಗೇಟ್‌ವೇ ಮುಂದೆ ಬೋಟುಗಳು ನಿಲ್ಲುವುದು ನೀರಿನ ನಡುವೆ ಲಂಗರಿಗೆ ಕಟ್ಟಿಕೊಂಡು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ಭರತ ಇಳಿತದ ನಡುವಿನ ಅಂತರ ನಾಲ್ಕು ಮೀಟರಿಗೂ ಹೆಚ್ಚು. ದಡಕ್ಕೆ ತಂದು ಕಟ್ಟಿದರೆ ಇಳಿತದ ಹೊತ್ತಿಗೆ ಬೋಟು ಕೆಸರಿನಲ್ಲಿ ಮಲಗಿರುತ್ತದೆ. ನಲ್ಲಿ ಎಲ್ಲಿದೆ, ಪೈಪ್ ಎಲ್ಲಿದೆ? ಖಲಾಸಿ ಪಾಪ ಕ್ಯಾನಿನಲ್ಲಿ ನೀರು ಹೊತ್ತು, ಸಣ್ಣ ದೋಣಿಯಲ್ಲಿ ಹೋಗಿ ತೊಳೆಯಬೇಕು. ಇಷ್ಟು ದೊಡ್ಡ ಬಂದರು ನಗರ, ದೇಶದ ಶ್ರೀಮಂತರೆಲ್ಲ ಇರುವ ಊರು, ಸಾಮಾನ್ಯ ಬೋಟಿನವನು ದುಡ್ಡು ಕೊಟ್ಟು ಬೋಟನ್ನು ಮೇಲೆಳೆದು ತೊಳೆದು ಅಡಿ ನೋಡಿಕೊಂಡು ಹೋಗುವ ಜಾಗ ಹುಡುಕಬೇಕಾದ ಸ್ಥಿತಿ! ಮರೀನಾ ಬರುತ್ತದೆ ಮರೀನಾ ಬರುತ್ತದೆ ಅಂತ ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದೇನೆ, ನಿವೃತ್ತಿಯೂ ಆಯಿತು.

ಈಗ ರೇಡಿಯೋ ಕ್ಲಬ್ ಹತ್ತಿರ ಹೊಸ ಜೆಟ್ಟಿ. 229 ಕೋಟಿ ರೂಪಾಯಿಯ ಯೋಜನೆ. ಕೊಲಾಬಾದ ನಿವಾಸಿಗಳು ಕೋರ್ಟಿಗೆ ಹೋದರು, ಬಾಂಬೆ ಹೈಕೋರ್ಟ್ ಜುಲೈ 2025ರಲ್ಲಿ ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟಿತು. ಎಷ್ಟು ವಾದ ವಿವಾದ! ವಿಐಪಿ ಲೌಂಜ್ ಬೇಕೇ, ಕಾರು ಎಲ್ಲಿ ನಿಲ್ಲಿಸುವುದು, ಆಂಫಿಥಿಯೇಟರ್ ಯಾಕೆ... ಅದನ್ನು ಬೋಟಿಗೆ ಕಾಯುವವರು ಕೂರಲಿಕ್ಕೆ ಮಾತ್ರ ಬಳಸಬೇಕು ಎಂದು ಕೋರ್ಟೇ ಹೇಳಬೇಕಾಯಿತು. ಪರ ವಿರೋಧ ಎರಡೂ ಕಡೆಯ ಮಾತನ್ನು ನಾನು ಪತ್ರಿಕೆಯಲ್ಲಿ ಬಿಡದೆ ಓದಿದೆ. ಬೋಟು ತೊಳೆಯಲು ಒಂದು ಸಿಹಿನೀರಿನ ನಲ್ಲಿ ಬೇಕು ಅಂತ ಒಬ್ಬರಾದರೂ ಅಂದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ನೂರಾರು ಕೋಟಿಯಲ್ಲಿ ಒಂದು ನೀರಿನ ಪೈಪು, ಬೋಟು ಎಳೆಯಲು ಒಂದು ಇಳಿಜಾರು, ಕೇಳಬಾರದಂಥ ಕೇಳಿಕೆಯೇ ಇದು?

ಆದರೆ ನಲ್ಲಿ ಇಲ್ಲ ಎಂಬ ಕಾರಣ ಕೊಟ್ಟು ಪೂರ್ತಿ ತಪ್ಪಿಸಿಕೊಳ್ಳಲು ನಾನು ಬಿಡುವುದಿಲ್ಲ. ತಿಂಗಳಿಗೆ ಎಷ್ಟು ಸಂಬಳ ಕೊಡುತ್ತೀರಿ ಖಲಾಸಿಗೆ? ಆ ಹುಡುಗ ರಾಯಗಡದ್ದೋ ರತ್ನಾಗಿರಿಯದ್ದೋ, ರಾತ್ರಿ ಬೋಟಿನಲ್ಲೇ ಮಲಗುತ್ತಾನೆ, ಬೆಳಿಗ್ಗೆ ಅತಿಥಿಗಳಿಗೆ ಐಸ್ ಪೆಟ್ಟಿಗೆ ಹೊರುತ್ತಾನೆ, ಸಂಜೆ ಅವರು ವಾಂತಿ ಮಾಡಿದ್ದನ್ನು ತೊಳೆಯುತ್ತಾನೆ. ಎಂಜಿನ್ ತೊಳೆಯುವುದು ಅವನ ಕೆಲಸ ಅಂತ ನೀವಂದುಕೊಂಡಿದ್ದೀರಿ, ಅದಕ್ಕೆ ಬೇಕಾದ ನೀರಿಗೆ, ಸಾಬೂನಿಗೆ, ಗ್ರೀಸಿಗೆ ಅವನ ಕೈಗೆ ಹತ್ತು ರೂಪಾಯಿ ಕೊಟ್ಟಿಲ್ಲ. ನಮ್ಮ ಅಂಗಡಿಗೆ ಒಬ್ಬ ತಾಂಡೇಲ ಬರುತ್ತಿದ್ದ, ವಯಸ್ಸಾದವನು. ಪಂಪಿನ ರಬ್ಬರ್ ಚಕ್ರ ಬದಲಿಸಲು ಶೇಠ್ ಒಪ್ಪಲಿಲ್ಲ ಎಂದು ತನ್ನ ಜೇಬಿನಿಂದಲೇ ಕೊಂಡೊಯ್ದ. "ಶೇಠ್ ಕಾ ಇಂಜನ್ ಹೈ ಅಣ್ಣಾ, ಪರ್ ಜಾನ್ ತೋ ಮೇರೀ ಹೈ" ಅಂದ. ಎಂಜಿನ್ ಶೇಠನದು, ಜೀವ ತನ್ನದು ಅಂತ. ಆ ಬಿಲ್ಲಿನಲ್ಲಿ ನಾನು ಲಾಭದ ಕಾಲಂ ಖಾಲಿ ಬಿಟ್ಟೆ, ಮಾಲೀಕರೂ ಕೇಳಲಿಲ್ಲ.

ಇದೆಲ್ಲ ದೊಡ್ಡವರ ಆಟದ ಸಾಮಾನು, ನಮಗೇನು ಎನ್ನುವವರೂ ಇದ್ದಾರೆ. ಸರ್ಕಾರವೂ ಹಾಗೇ ಅಂದುಕೊಂಡಿದೆ, ಸೆಪ್ಟೆಂಬರ್ 2025ರಿಂದ ವಿಹಾರ ನೌಕೆಗಳಿಗೆ ಜಿಎಸ್‌ಟಿ ಶೇ. 40. ತೆರಿಗೆ ಹಾಕಲಿ, ನನ್ನ ಗಂಟೇನು ಹೋಗಬೇಕು? ಆದರೆ ಊರಿನಿಂದ ಅತ್ತೆ ಮಾವ, ಭಾವ, ಮಕ್ಕಳು ಮರಿ ಬಂದಾಗ ನೀವು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಗೇಟ್‌ವೇ. ಆಮೇಲೆ? ಎಲಿಫೆಂಟಾ ಲಾಂಚು, ಇಲ್ಲವೇ ಅರ್ಧ ಗಂಟೆಯ ಹಾರ್ಬರ್ ಸುತ್ತು. ಶೇಠನ ಸ್ಪೀಡ್ ಬೋಟು, ನೀವು ಕೂತ ಲಾಂಚು, ಎರಡೂ ಒಂದೇ ನೀರಿನಲ್ಲಿ ಒಂದೇ ದಾರಿಯಲ್ಲಿ ಓಡುವುದು. ಅವನ ಸ್ಟಿಯರಿಂಗ್ ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡರೆ ಅವನು ಗುದ್ದುವುದು ಯಾರಿಗೆ?

18 ಡಿಸೆಂಬರ್ 2024 ನೆನಪಿದೆ ತಾನೇ. ಎಲಿಫೆಂಟಾಕ್ಕೆ ಹೊರಟಿದ್ದ ನೀಲಕಮಲ್ ಲಾಂಚಿಗೆ ನೌಕಾಪಡೆಯ ವೇಗದ ದೋಣಿ ಬಂದು ಬಡಿಯಿತು, 15 ಜನ ಸತ್ತರು. ಎಂಜಿನ್ ಪರೀಕ್ಷೆ ನಡೆಸುತ್ತಿದ್ದಾಗ ಎಂಜಿನ್ ದೋಷದಿಂದ ನಿಯಂತ್ರಣ ತಪ್ಪಿತು ಎಂದು ನೌಕಾಪಡೆಯೇ ಹೇಳಿತು. ಅದು ತುಕ್ಕಿನಿಂದ ಆಯಿತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನಲ್ಲಿ ಆಧಾರವಿಲ್ಲ. ನಾನು ಹೇಳುವುದಿಷ್ಟೇ: ಜನ ತುಂಬಿದ ನೀರಿನಲ್ಲಿ ಒಂದು ಎಂಜಿನ್ ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅವತ್ತು ಇಡೀ ದೇಶ ವಿಡಿಯೋದಲ್ಲಿ ನೋಡಿತು. ಮರುದಿನದಿಂದ ಲೈಫ್ ಜಾಕೆಟ್ ಕಡ್ಡಾಯ, ಲೆಕ್ಕಕ್ಕಿಂತ ಹೆಚ್ಚು ಜನ ಹತ್ತಿಸಬಾರದು ಎಂದು ಗದ್ದಲವೋ ಗದ್ದಲ. ಬೇಕಾದ್ದೇ. ಆದರೆ ಅದೇ ಗೇಟ್‌ವೇಯ ನೂರಾರು ಎಂಜಿನ್ನುಗಳನ್ನು ಕೊನೆಯ ಸಲ ಬಿಚ್ಚಿ ನೋಡಿದ್ದು ಯಾವಾಗ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಮುಂಬಯಿ ಮಾತ್ರ ಅಂತಲೂ ಅಲ್ಲ. 21 ಜನವರಿ 2019ರಂದು ಕಾರವಾರದಲ್ಲಿ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅಲ್ಲಿಯ ಕಾರಣ ಬೇರೆ, ಹತ್ತುವ ಮೊದಲು ಯಾರೂ ಏನನ್ನೂ ಕೇಳದ ನಮ್ಮ ಅಭ್ಯಾಸ ಮಾತ್ರ ಒಂದೇ.

ವರ್ಷಕ್ಕೊಮ್ಮೆ ಸರ್ವೆ ಆಗುತ್ತದೆ, ಲೈಸೆನ್ಸ್ ಇದೆ, ಇನ್ನೇನು ಅಂತೀರಾ? ಲೈಸೆನ್ಸಿನ ಕಾಗದ ಒಂದು ದಿನದ ಸ್ಥಿತಿ ಹೇಳುತ್ತದೆ. ಉಪ್ಪು ಮಿಕ್ಕ 364 ದಿನ ಕೆಲಸ ಮಾಡುತ್ತಿರುತ್ತದೆ. ಮ್ಯಾರಿಟೈಮ್ ಬೋರ್ಡಿನವರು ಬಾಡಿಗೆ ಬೋಟುಗಳಿಗೆಲ್ಲ ಒಂದು ಸಣ್ಣ ಪುಸ್ತಕ ಕಡ್ಡಾಯ ಮಾಡಲಿ: ಯಾವತ್ತು ತೊಳೆದರು, ಯಾವತ್ತು ಮೇಲೆಳೆದರು, ಝಿಂಕ್ ಯಾವಾಗ, ರಬ್ಬರ್ ಚಕ್ರ ಯಾವಾಗ. ಅದು ಹತ್ತುವ ಜಾಗದಲ್ಲೇ ತೂಗುಹಾಕಿರಲಿ, ಹೋಟೆಲಿನಲ್ಲಿ ಲೈಸೆನ್ಸ್ ತೂಗುಹಾಕಿದ ಹಾಗೆ. ನಮ್ಮ ಶೆಟ್ರ ಹೋಟೆಲುಗಳು ಮಹಾನಗರಪಾಲಿಕೆಯ ಎಷ್ಟು ತನಿಖೆ ಎದುರಿಸುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಇಡ್ಲಿಗೆ ಇರುವಷ್ಟು ಕಾನೂನು ಜೀವ ಹೊತ್ತೊಯ್ಯುವ ಬೋಟಿಗೂ ಇರಲಿ ಎಂದರೆ ದುಬಾರಿ ಬೇಡಿಕೆಯೇ?

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬೇಕು. ಔಟ್‌ಬೋರ್ಡ್ ಎಂಜಿನ್ ಓಡುತ್ತಿರುವಾಗ ಅದರ ಹಿಂಬದಿಯಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು, ಮಗು ಉಚ್ಚೆ ಹೊಯ್ದ ಹಾಗೆ. ಅದಿಲ್ಲದಿದ್ದರೆ ಅಥವಾ ತೊಟ್ಟಿಕ್ಕುತ್ತಿದ್ದರೆ ಹತ್ತಬೇಡಿ. ಲೈಫ್ ಜಾಕೆಟ್ಟಿನ ಬಕಲ್ ಒಮ್ಮೆ ಹಾಕಿ ತೆಗೆದು ನೋಡಿ, ಉಪ್ಪು ಹಿಡಿದು ಕಚ್ಚಿಕೊಂಡಿದ್ದರೆ ಬೇರೆ ಕೇಳಿ. ತಾಂಡೇಲನಿಗೆ "ಭಾವೂ, ಬೋಟ್ ಕಧೀ ಧುತಲೀ?" ಅಂತ ಮರಾಠಿಯಲ್ಲೇ ಕೇಳಿ, ಯಾವಾಗ ತೊಳೆದೆ ಅಂತ. ಅವನಿಗೆ ಸಿಟ್ಟು ಬರುವುದಿಲ್ಲ. ಮೂವತ್ತು ವರ್ಷದಲ್ಲಿ ನಾನು ಕಂಡ ತಾಂಡೇಲರಿಗೆಲ್ಲ ಆ ಪ್ರಶ್ನೆ ಇಷ್ಟವೇ, ಕೇಳುವವರಿಲ್ಲ ಅಂತಲೇ ಅವರ ಬೇಸರ.

ಇನ್ನೂ ಒಂದು ಮಾಡಬಹುದು. ಮೇ ಕೊನೆಗೆ ಗೇಟ್‌ವೇ-ಮಾಂಡ್ವಾ ಲಾಂಚುಗಳು ಸಾಮಾನ್ಯವಾಗಿ ನಿಲ್ಲುತ್ತವೆ, ಸಣ್ಣ ಬೋಟುಗಳು ದಡ ಹತ್ತುತ್ತವೆ. ಜೂನ್ ಮೊದಲ ವಾರ, ಮಳೆ ಜೋರಾಗುವ ಮುಂಚೆ, ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಮಾರ್ವೆಗೋ ವರ್ಸೋವಾಕ್ಕೋ ಹೋಗಿ. ಬೋಟುಗಳ ಅಡಿಭಾಗ ಕಾಣುವುದು ಆಗ ಮಾತ್ರ. ಯಾರದ್ದು ಕೆರೆದು ಒಣಗಿಸಿದ್ದಾರೆ, ಯಾರದ್ದು ಚಿಪ್ಪು ಸಮೇತ ಟಾರ್ಪಾಲಿನ ಕೆಳಗೆ ಬಿದ್ದಿದೆ ಅಂತ ನೋಡಿ, ಹೆಸರು ಬರೆದುಕೊಂಡು ಬನ್ನಿ. ಟಿಕೆಟ್ ತೆಗೆಯುವುದು ಹೇಗೂ ಸೆಪ್ಟೆಂಬರಿಗೆ ತಾನೇ.